ಕಳ್ಳ ಯಾರು ಅಂತ ಮೊದಲೇ ಗೊತ್ತು

ನನ್ನ ಕೈಯಲ್ಲಿ ಒಂದು ಹಿಡಿ ಚೀಟಿ ಇದೆ, ಕಾಣಿಸುತ್ತಾ? ನೋಟ್‌ಬುಕ್ಕಿನ ಹಾಳೆ ಹರಿದು ಬರೆದವು ಜಾಸ್ತಿ. ಒಂದೆರಡು ಬಸ್ ಟಿಕೆಟ್ಟಿನ ಬೆನ್ನ ಮೇಲಿವೆ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಆರು ಭಾನುವಾರ ಕೂತು ನಾವು ಒಂದು ಮಕ್ಕಳ ಕಾದಂಬರಿ ಓದಿದೆವು. ಓದಿದೆವು ಅಂದರೆ, ನಾನು ಇಂಗ್ಲಿಷ್ ಅನುವಾದ ಹಿಡಿದುಕೊಂಡು, ಬಾಯಲ್ಲೇ ಕನ್ನಡ ಮಾಡಿಕೊಳ್ಳುತ್ತಾ ಹೇಳಿದೆ. ಮಕ್ಕಳು ನೆಲದ ಮೇಲೆ ಕೂತಿದ್ದರು. ಅವರನ್ನು ಕರೆದುಕೊಂಡು ಬಂದ ದೊಡ್ಡವರು ಗೋಡೆಗೆ ಒರಗಿ, ಮೊಬೈಲ್ ನೋಡುವ ಹಾಗೆ ನಟಿಸುತ್ತಾ, ಕಥೆ ಕೇಳುತ್ತಿದ್ದರು. ಕೊನೆಯ ದಿನ ಎಲ್ಲರಿಗೂ ಪೆನ್ನು ಕೊಟ್ಟು, 'ಹೆಸರು ಬೇಡ, ಅನಿಸಿದ್ದು ಬರೀರಿ' ಅಂದೆ. ಇವತ್ತಿನ ಮಾತೆಲ್ಲ ಈ ಚೀಟಿಗಳ ಮೇಲೆ.

ಮೊದಲನೆಯದು ಹೀಗಿದೆ: 'ಕಳ್ಳ ಯಾರು ಅಂತ ಮೊದಲೇ ಗೊತ್ತು. ಇದು ಹೆಂಗೆ ಪತ್ತೇದಾರಿ?'

ಸರಿಯಾದ ಪ್ರಶ್ನೆ. ಪುಸ್ತಕದ ಹೆಸರೇ 'ಎಮಿಲ್ ಮತ್ತು ಪತ್ತೇದಾರರು'. ಜರ್ಮನ್ ಭಾಷೆಯದ್ದು. ಎರಿಕ್ ಕೆಸ್ಟ್ನರ್ ಬರೆದದ್ದು. 1929ರಲ್ಲಿ ಬರ್ಲಿನ್ನಿನಲ್ಲಿ ಹೊರಬಂತು. ಓದದೇ ಇರುವವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಷ್ಟಕ್ಕೂ ಗುಟ್ಟು ಕೆಡುವ ಭಯವಿಲ್ಲ, ಆ ಚೀಟಿ ಹೇಳಿದ ಹಾಗೆ ಇಲ್ಲಿ ಗುಟ್ಟೇ ಇಲ್ಲ.

ನೋಯ್‌ಸ್ಟಾಟ್ ಅನ್ನುವ ಊರಲ್ಲಿ ಎಮಿಲ್ ಟಿಶ್‌ಬೈನ್ ಅಂತ ಒಬ್ಬ ಹುಡುಗ. ಅಪ್ಪ ಇಲ್ಲ. ಅಮ್ಮ ಮನೆಯಲ್ಲೇ ಹೆಂಗಸರ ತಲೆ ತೊಳೆದು, ಕೂದಲು ಒಪ್ಪ ಮಾಡಿ ಸಂಸಾರ ನಡೆಸುತ್ತಾಳೆ. ರಜೆಗೆ ಮಗನನ್ನು ಬರ್ಲಿನ್ನಿನ ಅಜ್ಜಿಯ ಮನೆಗೆ ಕಳಿಸುತ್ತಾಳೆ. ಕೈಗೆ 140 ಮಾರ್ಕ್ ಕೊಡುತ್ತಾಳೆ, ಮಾರ್ಕ್ ಅಂದರೆ ಆಗಿನ ಜರ್ಮನಿಯ ದುಡ್ಡು. 120 ಅಜ್ಜಿಗೆ, ಉಳಿದ 20 ಹುಡುಗನ ವಾಪಸ್ ಟಿಕೆಟ್ಟಿಗೂ ಖರ್ಚಿಗೂ. ಎಮಿಲ್ ಆ ನೋಟುಗಳನ್ನು ಕೋಟಿನ ಒಳಜೇಬಿಗೆ ಹಾಕಿ, ಪಿನ್ನು ಚುಚ್ಚಿ, ಅಸ್ತರಿಗೆ ಸಿಕ್ಕಿಸಿಕೊಳ್ಳುತ್ತಾನೆ. ರೈಲಿನಲ್ಲಿ ಗುಂಡು ಹ್ಯಾಟಿನ ಒಬ್ಬ ಆಸಾಮಿ. ಹೆಸರು ಗ್ರುಂಡೈಸ್ ಅಂತಾನೆ. ಚಾಕೊಲೇಟ್ ಕೊಡುತ್ತಾನೆ. ಬೋಗಿಯಲ್ಲಿ ಇಬ್ಬರೇ ಉಳಿಯುತ್ತಾರೆ. ಎಮಿಲ್‌ಗೆ ನಿದ್ದೆ. ಎದ್ದರೆ ಹ್ಯಾಟಿಲ್ಲ, ಆಸಾಮಿ ಇಲ್ಲ, ದುಡ್ಡಿಲ್ಲ. ಜೇಬಿಗೆ ಕೈ ಹಾಕಿದರೆ ಪಿನ್ನು ಮಾತ್ರ ಬೆರಳಿಗೆ ಚುಚ್ಚಿ ರಕ್ತ ಬರುತ್ತದೆ.

ರೈಲು ಬರ್ಲಿನ್ನಿನ ಝೂ ಸ್ಟೇಷನ್ನಿನಲ್ಲಿ ನಿಂತಾಗ ಜನರ ನಡುವೆ ಆ ಹ್ಯಾಟು ಕಾಣಿಸುತ್ತದೆ. ಎಮಿಲ್ ಅಲ್ಲೇ ಇಳಿದುಬಿಡುತ್ತಾನೆ. ಅಜ್ಜಿ ಕಾಯುತ್ತಿರುವುದು ಮುಂದಿನ ಫ್ರೀಡ್ರಿಖ್‌ಸ್ಟ್ರಾಸೆ ಸ್ಟೇಷನ್ನಿನ ಹೂವಿನಂಗಡಿ ಹತ್ತಿರ. ಮುಂದೆಲ್ಲ ಬೆನ್ನಟ್ಟುವುದು. ಬೀದಿಯ ಮಕ್ಕಳು ಸೇರಿಕೊಳ್ಳುತ್ತಾರೆ, ಹೋಟೆಲ್ಲಿನ ಮುಂದೆ ರಾತ್ರಿ ಕಾವಲು ಇಡುತ್ತಾರೆ, ಬೆಳಿಗ್ಗೆ ನೂರಾರು ಮಕ್ಕಳು ಗ್ರುಂಡೈಸನ ಸುತ್ತ ಮೆರವಣಿಗೆಯಂತೆ ನಡೆಯುತ್ತಾರೆ. ಅವನು ಗಾಬರಿಯಾಗಿ ಬ್ಯಾಂಕಿಗೆ ನುಗ್ಗುತ್ತಾನೆ. ಅಲ್ಲಿ ಸಿಕ್ಕಿಬೀಳುತ್ತಾನೆ.

ಈಗ ಚೀಟಿಗೆ ಬರೋಣ. 'ಕಳ್ಳ ಯಾರು' ಅನ್ನುವುದು ದೊಡ್ಡವರ ಪತ್ತೇದಾರಿ ಕಥೆಯ ಪ್ರಶ್ನೆ. ನೀವು ಒಂಬತ್ತು ವರ್ಷದವರಿದ್ದಾಗ ನಿಮ್ಮ ಪೆನ್ಸಿಲ್ ಬಾಕ್ಸ್ ಯಾರು ತೆಗೆದರು ಅನ್ನುವುದು ನಿಮಗೆ ಗೊತ್ತಿರುತ್ತಿತ್ತು, ಅಲ್ವಾ? ಪಕ್ಕದ ಬೆಂಚಿನವನೇ. ಕಷ್ಟ ಇದ್ದದ್ದು ಬೇರೆ ಕಡೆ. ಮೇಷ್ಟರಿಗೆ ಹೇಳಿದರೆ ನಂಬುತ್ತಾರಾ? 'ನಿನ್ನದು ಅನ್ನೋಕೆ ಏನು ಗುರುತು?' ಅಂದರೆ ಏನು ಹೇಳುವುದು? ಕೆಸ್ಟ್ನರ್ ಈ ಪ್ರಶ್ನೆಯನ್ನು ಇಟ್ಟುಕೊಂಡೇ ಇಡೀ ಕಾದಂಬರಿ ಕಟ್ಟಿದ್ದಾರೆ ಅಂತ ನನಗನಿಸುತ್ತದೆ.

ನೋಡಿ, ಎಮಿಲ್ ಮೊದಲು ಪೊಲೀಸರ ಹತ್ತಿರ ಹೋಗಬೇಕು ತಾನೆ? ಹೋಗಲ್ಲ. ಯಾಕೆಂದರೆ ಊರಲ್ಲಿ ಅವನು ಗೆಳೆಯರ ಜೊತೆ ಸೇರಿ, ಯಾವುದೋ ಗ್ರ್ಯಾಂಡ್ ಡ್ಯೂಕನ ಪ್ರತಿಮೆಗೆ ಕೆಂಪು ಮೂಗು, ಮೀಸೆ ಬರೆದಿದ್ದ. ಪೇದೆ ಯೆಶ್ಕೆ ನೋಡಿಬಿಟ್ಟಿದ್ದ. ಈಗ ಪೊಲೀಸರ ಮುಂದೆ ನಿಂತರೆ ತನ್ನನ್ನೇ ಒಳಗೆ ಹಾಕುತ್ತಾರೆ ಅಂತ ಹುಡುಗನ ಭಯ. ಒಂದು ಚೀಟಿಯಲ್ಲಿ ಯಾರೋ ದೊಡ್ಡವರು ಬರೆದಿದ್ದಾರೆ, 'ಈ ಕಾರಣ ತೀರಾ ಬಾಲಿಶ'. ಹೌದು ಸ್ವಾಮಿ, ಬಾಲಿಶವೇ. ಅವನು ಬಾಲಕ. ಇದನ್ನು ಓದುವಾಗ ನೆಲದ ಮೇಲೆ ಕೂತವರು ಯಾರೂ ನಗಲಿಲ್ಲ. ಒಬ್ಬ ಮಾತ್ರ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ಒಂದು ಥರ ಮುಖ ಮಾಡಿದರು. ಅವರ ಖಾತೆಯಲ್ಲೂ ಯಾವುದೋ ಪ್ರತಿಮೆ ಇರಬೇಕು.

ಆಮೇಲೆ ಟ್ರಾಮ್. 177ನೇ ನಂಬರಿನ ಟ್ರಾಮಿಗೆ ಎಮಿಲ್ ಕಳ್ಳನ ಹಿಂದೆಯೇ ಹತ್ತುತ್ತಾನೆ. ಕೈಯಲ್ಲಿ ಬಿಡಿಗಾಸಿಲ್ಲ. ಕಂಡಕ್ಟರ್ ಇಳಿಸಲು ಬರುತ್ತಾನೆ. ಪೇಪರ್ ಓದುತ್ತಿದ್ದ ಒಬ್ಬರು ಟಿಕೆಟ್ ಕೊಡಿಸುತ್ತಾರೆ, ಮತ್ತೆ ಪೇಪರಿಗೆ ಮರಳುತ್ತಾರೆ. ದುಡ್ಡು ಯಾಕಿಲ್ಲ ಅಂತ ಕೇಳುವುದಿಲ್ಲ. ಇಲ್ಲಿ ಕೆಸ್ಟ್ನರ್ ಕಥೆಯನ್ನು ಒಂದು ಗಳಿಗೆ ನಿಲ್ಲಿಸಿ, ಊರು ಎಷ್ಟು ದೊಡ್ಡದು, ಹುಡುಗ ಎಷ್ಟು ಚಿಕ್ಕವನು ಅನ್ನುತ್ತಾರೆ. 40 ಲಕ್ಷ ಜನ ಇರುವ ಊರು, ಒಬ್ಬರಿಗೂ ಎಮಿಲ್ ಬೇಕಾಗಿಲ್ಲ. ಆ ಪುಟ ಓದುವಾಗ ಗೋಡೆಗೆ ಒರಗಿದ್ದವರು ಮೊಬೈಲ್ ಕೆಳಗಿಟ್ಟರು. ಊರಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದ ಮೊದಲ ದಿನ ನೆನಪಾಯಿತು ಅಂತ ಒಬ್ಬರು ಆಮೇಲೆ ಹೇಳಿದರು.

ದೊಡ್ಡವರು ಯಾರೂ ಕೇಳದ ಪ್ರಶ್ನೆಯನ್ನು ಕೇಳುವವನು ಗುಸ್ತಾವ್. ಜೇಬಿನಲ್ಲಿ ಹಾರ್ನ್ ಇಟ್ಟುಕೊಂಡು ಓಡಾಡುವ ಹುಡುಗ. ಮೊದಲು ಜಗಳಕ್ಕೇ ಬರುತ್ತಾನೆ. ಎರಡು ನಿಮಿಷದಲ್ಲಿ ಎಮಿಲ್ ಹೇಳಿದ್ದನ್ನೆಲ್ಲ ನಂಬುತ್ತಾನೆ. ಗುರುತು, ಸಾಕ್ಷಿ ಏನೂ ಕೇಳಲ್ಲ. ಓಡಿ ಹೋಗಿ ಎರಡು ಡಜನ್ ಹುಡುಗರನ್ನು ಕರೆದುಕೊಂಡು ಬರುತ್ತಾನೆ. ಅವರೂ ನಂಬುತ್ತಾರೆ. ಕೈಯಲ್ಲಿದ್ದ ಚಿಲ್ಲರೆ ಒಟ್ಟು ಮಾಡುತ್ತಾರೆ. ಬ್ಯಾಂಕಿನಲ್ಲಿ ದೊಡ್ಡವರ ಎದುರು ಬಂದಾಗ ಮಾತ್ರ ಮತ್ತೆ 'ಏನು ಗುರುತು?' ಶುರುವಾಗುತ್ತದೆ. ಆಗ ಎಮಿಲ್‌ಗೆ ಪಿನ್ನು ನೆನಪಾಗುತ್ತದೆ. ನೋಟಿನಲ್ಲಿ ಪಿನ್ನಿನ ತೂತು ಇರಬೇಕು! ಕ್ಯಾಷಿಯರ್ ಬೆಳಕಿಗೆ ಹಿಡಿದು ನೋಡುತ್ತಾನೆ. ತೂತು ಇದೆ. ಈ ಜಾಗಕ್ಕೆ ಬಂದಾಗ ನಮ್ಮ ಲೈಬ್ರರಿಯಲ್ಲಿ ಎದ್ದ ಗಲಾಟೆಗೆ ಕೆಳಗಿನ ಅಂಗಡಿಯವರು ಮೇಲೆ ಬಂದರು. ಕಳ್ಳ ಯಾರು ಅಂತ ಮೊದಲೇ ಗೊತ್ತಿದ್ದವರ ಗಲಾಟೆ ಇದು, ಗಮನಿಸಿ.

ಪಿನ್ನಿನ ಮಾತು ಬಂತಲ್ಲ, ಒಂದು ಅಡ್ಡ ಮಾತು. ನನ್ನ ಅಮ್ಮ ನನ್ನನ್ನು ಅಜ್ಜಿ ಊರಿಗೆ ಕಳಿಸುವಾಗ ಚಡ್ಡಿಯ ಒಳಗೆ ದುಡ್ಡು ಇಟ್ಟು ಪಿನ್ನು ಹಾಕುತ್ತಿದ್ದಳು. ಹತ್ತು ರೂಪಾಯಿ. ದಾರಿಯುದ್ದಕ್ಕೂ ಕೈ ಅಲ್ಲೇ. ಪಕ್ಕದ ಸೀಟಿನವರು 'ಹೊಟ್ಟೆ ನೋವಾ ಮಗಾ?' ಅಂತ ಕೇಳಿದ್ದರು.

ಎರಡನೇ ಚೀಟಿ: 'ಬರೀ 140ಕ್ಕೆ ಇಷ್ಟೊಂದು ಗಲಾಟೆ ಯಾಕೆ?' ಇದು ಮಗುವಿನದ್ದೇ ಅಂತ ಅಕ್ಷರ ನೋಡಿದರೆ ಗೊತ್ತಾಗುತ್ತದೆ. ನಿಧಿ ಹುಡುಕುವ ಕಥೆ ಓದಿ ಬೆಳೆದವರಿಗೆ ಹಾಗನಿಸುವುದು ಸಹಜ. ಇಂಗ್ಲಿಷ್ ಲೇಖಕಿ ಎನಿಡ್ ಬ್ಲೈಟನ್ ಅವರ 'ಫೇಮಸ್ ಫೈವ್' ಅನ್ನುವ ನಾಲ್ಕು ಮಕ್ಕಳು, ಒಂದು ನಾಯಿಯ ಗುಂಪಿಗೆ ದ್ವೀಪ, ನಿಧಿ, ಸುರಂಗ ಎಲ್ಲ ಸಿಗುತ್ತದೆ. ಅವರು ಬಂದದ್ದು 1942ರಲ್ಲಿ, ಎಮಿಲ್ ಆಗಿ ಹದಿಮೂರು ವರ್ಷಕ್ಕೆ. ಎಮಿಲ್‌ಗೆ ಸಿಗಬೇಕಾದ್ದು ಕಳೆದುಕೊಂಡದ್ದೇ, ಮೂರು ನೋಟು. ನೂರರದ್ದು ಒಂದು, ಇಪ್ಪತ್ತರದ್ದು ಎರಡು.

ಆದರೆ ಕೆಸ್ಟ್ನರ್ ಮೊದಲ ಅಧ್ಯಾಯದಲ್ಲೇ ಒಂದು ಲೆಕ್ಕ ಕೊಟ್ಟಿದ್ದಾರೆ. ವಾರಕ್ಕೆ 35 ಮಾರ್ಕ್ ದುಡಿಯುವವರಿಗೆ, ನಿಮಗೆ ಇಷ್ಟವಾಗಲಿ ಬಿಡಲಿ, ಉಳಿಸಿಟ್ಟ 140 ಮಾರ್ಕ್ ಬಹಳ ದೊಡ್ಡ ದುಡ್ಡು ಅನ್ನುವ ಅರ್ಥದ ಮಾತು. ನಾನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಭಾಗಿಸಲು ಹೇಳಿದೆ. ಸರಿಯಾಗಿ ನಾಲ್ಕು. ನಾಲ್ಕು ವಾರ ಅಮ್ಮ ಒಂದು ಬ್ರೆಡ್ಡೂ ಕೊಳ್ಳದೆ, ಬಾಡಿಗೆ ಕಟ್ಟದೆ ಇದ್ದರೆ ಅಷ್ಟು ಆಗುತ್ತದೆ. ಹಾಗಿರಲು ಆಗುತ್ತಾ? ಹಾಗಾದರೆ ಉಳಿಸಲು ಎಷ್ಟು ತಿಂಗಳು ಹಿಡಿಯಿತು? ಯಾರೋ ಒಬ್ಬಳು 'ಒಂದು ವರ್ಷ' ಅಂದಳು. ಇನ್ನೊಬ್ಬ ಅವರಮ್ಮನ ಮುಖ ನೋಡಿದ. ಅಮ್ಮ ಗೋಡೆ ಹತ್ತಿರ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದರು.

ಇದಕ್ಕೆ ಅಂಟಿಕೊಂಡ ಇನ್ನೊಂದು ಚೀಟಿ ಇದೆ: 'ಎಮಿಲ್ ತುಂಬಾ ಒಳ್ಳೆಯವನು. ಬೋರು.' ಇದನ್ನು ಹಲವರು ಬರೆದಿದ್ದಾರೆ. ಜನ ಹೀಗೇ ಅಂತಾರೆ ಅಂತ ಕೆಸ್ಟ್ನರ್‌ಗೂ ಗೊತ್ತಿತ್ತು. ಅದಕ್ಕೇ ಪುಸ್ತಕದಲ್ಲೇ ಉತ್ತರ ಇಟ್ಟಿದ್ದಾರೆ. ಹೆದರಿಯೋ ದುರಾಸೆಯಿಂದಲೋ ಒಳ್ಳೆಯವರಾಗುವ ಮಕ್ಕಳ ಪೈಕಿ ಇವನಲ್ಲ. ಸಿನಿಮಾಕ್ಕೆ ಹೋಗುವುದಿಲ್ಲ, ಸಿಹಿ ತಿನ್ನುವುದಿಲ್ಲ ಅಂತ ಒಬ್ಬ ನಿಶ್ಚಯ ಮಾಡುವ ಹಾಗೆ ಇವನು ಒಳ್ಳೆಯವನಾಗಬೇಕು ಅಂತ ನಿಶ್ಚಯ ಮಾಡಿದ್ದಾನೆ. ಅದು ಅವನಿಗೆ ಸುಲಭವೂ ಅಲ್ಲ. ಅಮ್ಮ ಇಷ್ಟು ಕಷ್ಟಪಡುವಾಗ ತಾನು ಸುಮ್ನೆ ಅಲೆಯುವುದು ಅವನಿಗೆ ಹಿಡಿಸುವುದಿಲ್ಲ, ಅಷ್ಟೇ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಇಲ್ಲಿ ಇಷ್ಟವಾಗುವ ಜಾಗ ಬೇರೆ. ರಾತ್ರಿ ಕಾವಲಿನಲ್ಲಿ ಎಮಿಲ್ ಮತ್ತು ಪ್ರೊಫೆಸರ್ ಅನ್ನುವ ಹುಡುಗ ಮಾತಾಡುತ್ತಾರೆ. ಪ್ರೊಫೆಸರನ ಮನೆಯಲ್ಲಿ ದುಡ್ಡಿದೆ, ಅಪ್ಪ ದೊಡ್ಡ ವಕೀಲ. ನಮ್ಮಲ್ಲಿ ದುಡ್ಡಿನ ಬಗ್ಗೆ ಮಾತು ಬರುವುದು ಕಮ್ಮಿ ಅನ್ನುವ ಧಾಟಿಯಲ್ಲಿ ಅವನು ಹೇಳುತ್ತಾನೆ. ನಮ್ಮಲ್ಲಿ ಕಮ್ಮಿ ಇರುವುದಕ್ಕೇ ಬಹಳ ಸಲ ಬರುತ್ತದೆ ಅಂತ ಎಮಿಲ್. ಇಬ್ಬರೂ ಕೊಂಚ ಹೊತ್ತು ಸುಮ್ಮನಿರುತ್ತಾರೆ. ಓಡಾಟ, ಹಾರಾಟ ಏನೂ ಇಲ್ಲದ ಈ ಅಧ್ಯಾಯವನ್ನು ಹಾರಿಸಿಬಿಡಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ನಾನು ಹಾರಿಸಲಿಲ್ಲ.

ಈ ಅಮ್ಮ ಮಗ ಎಲ್ಲಿಂದ ಬಂದರು ಅಂದರೆ, ಕೆಸ್ಟ್ನರ್ ಮನೆಯಿಂದಲೇ. ಅವರು 1899ರಲ್ಲಿ ಡ್ರೆಸ್ಡೆನ್ನಿನಲ್ಲಿ ಹುಟ್ಟಿದರು. ಅಮ್ಮ ಈಡಾ ಮನೆಯಲ್ಲೇ ತಲೆಗೂದಲಿನ ಕೆಲಸ ಮಾಡುತ್ತಿದ್ದರು. ಕೆಸ್ಟ್ನರ್ ಅವರ ಪೂರ್ತಿ ಹೆಸರಿನಲ್ಲೇ ಎಮಿಲ್ ಇದೆ, ಎಮಿಲ್ ಎರಿಕ್ ಕೆಸ್ಟ್ನರ್. ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಒಂದು ಘಟನೆ ಹೇಳುತ್ತಾರೆ. ಒಬ್ಬಳು ಮದುವೆ ಇದೆ, ಎಲ್ಲರಿಗೂ ಕೂದಲು ಅಲಂಕಾರ ಮಾಡಬೇಕು ಅಂತ ಅಮ್ಮನನ್ನು ಕರೆದಳು. ಹೋದರೆ ಆ ವಿಳಾಸದಲ್ಲಿ ಮದುವೆಯೂ ಇಲ್ಲ, ಮದುಮಗಳೂ ಇಲ್ಲ. ಆಮೇಲೊಂದು ದಿನ ಹುಡುಗ ಅವಳನ್ನು ಬೀದಿಯಲ್ಲಿ ಕಂಡ. ಹಿಂದೆಯೇ ಹೋಗಿ ಅವಳು ಕೆಲಸ ಮಾಡುವ ಅಂಗಡಿ ಪತ್ತೆ ಮಾಡಿದ. ಅವನಿಗೂ ಕಳ್ಳ ಯಾರು ಅಂತ ಮೊದಲೇ ಗೊತ್ತಿತ್ತು.

ಪುಸ್ತಕ ಬರೆಯಿರಿ ಅಂತ ಬೆನ್ನು ಹತ್ತಿದವರು ಪ್ರಕಾಶಕಿ ಎಡಿತ್ ಯಾಕೋಬ್‌ಸೋನ್. ಚಿತ್ರ ಬರೆದವರು ವಾಲ್ಟರ್ ಟ್ರಿಯರ್. ಹಳದಿ ಮುಖಪುಟ ನೋಡಿದವರು ಮರೆಯುವುದಿಲ್ಲ. ಖಾಲಿ ಬೀದಿ, ಜಾಹೀರಾತು ಅಂಟಿಸಿದ ಕಂಬದ ಹಿಂದೆ ಅಡಗಿದ ಇಬ್ಬರು ಹುಡುಗರು, ದೂರದಲ್ಲಿ ಹ್ಯಾಟಿನ ಆಸಾಮಿ. ನಾಲ್ಕೇ ವರ್ಷದಲ್ಲಿ ಇವರು ಚೆದುರತೊಡಗಿದರು. 1933ರ ಮೇ 10ರಂದು ಬರ್ಲಿನ್ನಿನಲ್ಲಿ ನಾಜಿಗಳು ಪುಸ್ತಕ ಸುಟ್ಟಾಗ, ಕೆಸ್ಟ್ನರ್ ಜನರ ನಡುವೆ ನಿಂತು ತಮ್ಮ ಪುಸ್ತಕ ಸುಡುವುದನ್ನು ನೋಡಿದರು. ಎಮಿಲ್ ಜನರಿಗೆ ಎಷ್ಟು ಇಷ್ಟವಾಗಿತ್ತೆಂದರೆ ಮೊದಮೊದಲು ಅದೊಂದನ್ನು ಬಿಟ್ಟಿದ್ದರು, ಆಮೇಲೆ ಅದನ್ನೂ ತಡೆದರು. ಯಾಕೋಬ್‌ಸೋನ್ ದೇಶ ಬಿಟ್ಟು 1935ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಯಹೂದಿಯಾದ ಟ್ರಿಯರ್ ಕೂಡ ಲಂಡನ್ನಿಗೆ, ಅಲ್ಲಿಂದ ಕೆನಡಾಕ್ಕೆ ಹೋದರು.

ಇನ್ನು ನಾನು ತಲೆ ತಗ್ಗಿಸಬೇಕಾದ ಚೀಟಿಗಳು. 'ಹುಡುಗಿಗೆ ಕಾಫಿ ಕೊಡೋ ಕೆಲಸ ಯಾಕೆ?' ದೊಡ್ಡ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ. ಎಮಿಲ್‌ನ ಚಿಕ್ಕಮ್ಮನ ಮಗಳು ಪೋನಿ ಇಡೀ ಪುಸ್ತಕದಲ್ಲೇ ಚುರುಕು ಬಾಯಿಯ ಹುಡುಗಿ. ಹೊಸ ಸೈಕಲ್ ತುಳಿದುಕೊಂಡು ಬೀದಿಯೆಲ್ಲ ಸುತ್ತುತ್ತಾಳೆ. ಆದರೆ ರಾತ್ರಿಯಾದರೆ ಒಳ್ಳೆಯ ಮನೆಯ ಹುಡುಗಿ ಮಲಗಬೇಕು ಅಂತ ಹೊರಟುಬಿಡುತ್ತಾಳೆ. ಬೆಳಿಗ್ಗೆ ಬನ್ನು, ಕಾಫಿ ಹೊತ್ತು ತರುತ್ತಾಳೆ. ಹುಡುಗರು ಕುಡಿಯುತ್ತಾರೆ. ಆ ಕಾಲ ಹಾಗಿತ್ತು ಅಂತ ನಾನು ಬಾಯಿ ತೆರೆದೆ. 'ಎಮಿಲ್ ಅಮ್ಮ ಒಬ್ಬಳೇ ದುಡೀತಾಳಲ್ಲ, ಅದೂ ಆ ಕಾಲಾನೇ ಅಲ್ವಾ ಆಂಟಿ?' ಅಂತ ಅದೇ ಹುಡುಗಿ ಇರಬೇಕು, ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇನ್ನೊಂದು ಚೀಟಿ ದೊಡ್ಡವರದ್ದು, ಪುಸ್ತಕವನ್ನು ತಾವೇ ಓದಿದವರದ್ದು: 'ಮುನ್ನುಡಿಯನ್ನು ಯಾಕೆ ಬಿಟ್ಟಿರಿ?' ಸಿಕ್ಕಿಬಿದ್ದೆ. ಅಲ್ಲಿ ಕೆಸ್ಟ್ನರ್ ತಾನು ದಕ್ಷಿಣ ಸಮುದ್ರದ ಕಾದಂಬರಿ ಬರೆಯಲು ಹೊರಟು, ತಿಮಿಂಗಿಲಕ್ಕೆ ಎಷ್ಟು ಕಾಲು ಅಂತ ಗೊತ್ತಾಗದೆ ನಿಂತ ಕಥೆ ಹೇಳುತ್ತಾರೆ. ಹೋಟೆಲಿನ ಮಾಣಿಯೊಬ್ಬ, ಗೊತ್ತಿರುವುದನ್ನು ಬರೆಯಿರಿ ಅಂತ ಬುದ್ಧಿ ಹೇಳುತ್ತಾನೆ. ಬಹಳ ತಮಾಷೆಯಾದ ಭಾಗ. ಆದರೆ ಅದರಲ್ಲಿ ನರಭಕ್ಷಕ ಹುಡುಗಿಯೊಬ್ಬಳು ಬರುತ್ತಾಳೆ, ಮೈಯೆಲ್ಲ ಕಪ್ಪು ಬಿಳಿ ಚೌಕಳಿ. ದೂರದ ದ್ವೀಪದ ಜನ ಅಂದರೆ ಹಾಗೇ ಅನ್ನುವ ಆ ಕಾಲದ ಚಟ. ಕೆಸ್ಟ್ನರ್ ಆ ಚಟವನ್ನೇ ಗೇಲಿ ಮಾಡುತ್ತಿದ್ದಾರೆ ಅಂತ ವಾದಿಸಬಹುದು. ಆರು ವರ್ಷದ ಮಗುವಿನ ಮುಂದೆ ಅಷ್ಟೆಲ್ಲ ವಾದಿಸುವ ಶಕ್ತಿ ನನಗಿರಲಿಲ್ಲ, ಹಾರಿಸಿದೆ. ಬೇರೆಯವರು ಓದಿದರೆ ಬೇಡ ಅನ್ನುವುದಿಲ್ಲ.

ಚೀಟಿಗಳಲ್ಲಿ ಅತಿ ಹೆಚ್ಚು ಬಂದ ಹೆಸರು ಯಾವುದು ಗೊತ್ತಾ? ಎಮಿಲ್ ಅಲ್ಲ, ಹಾರ್ನಿನ ಗುಸ್ತಾವನೂ ಅಲ್ಲ. ಮಂಗಳವಾರ. ಡೀನ್ಸ್‌ಟಾಗ್ ಅಂತ ಆ ಹುಡುಗನ ಮನೆತನದ ಹೆಸರು, ಜರ್ಮನ್ ಭಾಷೆಯಲ್ಲಿ ಮಂಗಳವಾರ ಅಂತಲೇ ಅರ್ಥ. ನಾನು 'ಪುಟ್ಟ ಮಂಗಳವಾರ' ಅಂತಲೇ ಹೇಳಿದೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಮನೆಯಲ್ಲಿ ಫೋನ್ ಇದೆ. ಅವನು ಫೋನಿನ ಹತ್ತಿರ ಕೂರಬೇಕು, ಯಾರಾದರೂ ಕರೆ ಮಾಡಿ ಸುದ್ದಿ ಕೊಟ್ಟರೆ ಉಳಿದವರಿಗೆ ದಾಟಿಸಬೇಕು. ಅಷ್ಟೇ ಅವನ ಕೆಲಸ. ಊರೆಲ್ಲ ಕಳ್ಳನ ಹಿಂದೆ ಓಡುವಾಗ ಇವನು ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಅವನು ಏಳಲಿಲ್ಲ. ಅಲ್ಲೇ ಇರುತ್ತಾನೆ ಅಂತ ಉಳಿದವರು ನಂಬಿದ್ದರು, ಒಮ್ಮೆಯೂ ಪರೀಕ್ಷೆ ಮಾಡಲಿಲ್ಲ. ಕೊನೆಯಲ್ಲಿ ಅಜ್ಜಿ ಎಲ್ಲರನ್ನೂ ಕೂರಿಸಿ ತಿಂಡಿ ಕೊಟ್ಟು ಮಾತಾಡುವಾಗ, ಹೆಚ್ಚು ಹೊಗಳುವುದು ಇವನನ್ನೇ. ಹುಡುಗ ಕೆಂಪಗಾಗುತ್ತಾನೆ.

'ನಾನೂ ಕಬಡ್ಡಿಯಲ್ಲಿ ಎಕ್ಸ್‌ಟ್ರಾ' ಅಂತ ಒಂದು ಚೀಟಿ. ಬೇರೇನೂ ಬರೆದಿಲ್ಲ.

1931ರಲ್ಲಿ ಈ ಕಾದಂಬರಿ ಸಿನಿಮಾ ಆಯಿತು. ಚಿತ್ರಕಥೆ ಬಿಲ್ಲಿ ವೈಲ್ಡರ್ ಅವರದ್ದು, ಆಮೇಲೆ ಹಾಲಿವುಡ್ಡಿನಲ್ಲಿ ದೊಡ್ಡ ಹೆಸರಾದವರು. ಬರ್ಲಿನ್ನಿನ ನಿಜವಾದ ಬೀದಿಗಳಲ್ಲಿ ನಿಜವಾದ ಮಕ್ಕಳು ಓಡುವುದನ್ನು ಅದರಲ್ಲಿ ಕಾಣಬಹುದು. ಎಮಿಲ್ ಆಗಿದ್ದ ರೋಲ್ಫ್ ವೆಂಕ್‌ಹೌಸ್, ಗುಸ್ತಾವ್ ಆಗಿದ್ದ ಹಾನ್ಸ್ ಶೌಫುಸ್, ಪುಟ್ಟ ಮಂಗಳವಾರ ಆಗಿದ್ದ ಹಾನ್ಸ್ ಲ್ಯೋರ್, ಮೂವರೂ ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿ ಸತ್ತರು. ಲ್ಯೋರ್ 1942ರಲ್ಲಿ, ರಷ್ಯಾದಲ್ಲಿ. ಲೈಬ್ರರಿಯಲ್ಲಿ ಇದನ್ನು ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಒಂದೇ ಚೀಟಿ ಉಳಿದಿದೆ. ಯಾರೋ ತಂದೆಯೋ ತಾಯಿಯೋ ಬರೆದದ್ದು: 'ಇದರಿಂದ ಮಕ್ಕಳಿಗೆ ಏನು ನೀತಿ?' ಪುಣ್ಯಕ್ಕೆ ಇದಕ್ಕೂ ಪುಸ್ತಕದಲ್ಲೇ ಉತ್ತರ ಇದೆ. ಕಳ್ಳ ಸಿಕ್ಕಿದ್ದಾನೆ. ಅವನು ಹಾನೋವರಿನಲ್ಲಿ ಬ್ಯಾಂಕ್ ದೋಚಿದವನು ಅಂತ ಗೊತ್ತಾಗಿ, ಎಮಿಲ್‌ಗೆ 1000 ಮಾರ್ಕ್ ಬಹುಮಾನವೂ ಬಂದಿದೆ. ಅಮ್ಮನಿಗೆ ಕೂದಲು ಒಣಗಿಸುವ ಕರೆಂಟಿನ ಮಷೀನು, ಬೆಚ್ಚಗಿನ ಕೋಟು ಕೊಡಿಸಬೇಕು ಅಂತ ಅವನ ಆಸೆ. ಎಲ್ಲರೂ ಕೂತಿದ್ದಾಗ ಯಾರೋ ಇದೇ ಪ್ರಶ್ನೆ ಎತ್ತುತ್ತಾರೆ. ಯಾರನ್ನೂ ನಂಬಬಾರದು, ಅದೇ ನಾನು ಕಲಿತ ಪಾಠ ಅನ್ನುತ್ತಾನೆ ಎಮಿಲ್. ಮಕ್ಕಳನ್ನು ಒಂಟಿಯಾಗಿ ಊರಿಗೆ ಕಳಿಸಬಾರದು ಅನ್ನುತ್ತಾಳೆ ಅಮ್ಮ. ಅಜ್ಜಿ ಎರಡನ್ನೂ ತಳ್ಳಿಹಾಕುತ್ತಾಳೆ, ಎಲ್ಲ ತಪ್ಪು ಅಂತ. ಹಾಗಾದರೆ ನೀತಿಯೇ ಇಲ್ಲವಾ ಅಂದರೆ, ಇದೆ ಅನ್ನುತ್ತಾಳೆ. ದುಡ್ಡನ್ನು ಯಾವಾಗಲೂ ಮನಿಯಾರ್ಡರ್ ಮಾಡಬೇಕು!

ನಾನು ಇಷ್ಟು ಓದಿ ಪುಸ್ತಕ ಮುಚ್ಚಿದೆ. ಮುಂದಿನ ಸಾಲಿನ ಹುಡುಗ ಮನಿಯಾರ್ಡರ್ ಅಂದರೇನು ಅಂತ ಕೇಳಿದ. ಹೇಳಿದೆ. 'ಓ, ಯುಪಿಐ ಥರ' ಅಂದ. ಅವನ ಪಕ್ಕದವಳು ಸ್ವಲ್ಪ ಯೋಚನೆ ಮಾಡಿ ಹೇಳಿದಳು, 'ಆಗಲೂ ಗ್ರುಂಡೈಸ್ ಬರ್ತಿದ್ದ. ಚಾಕೊಲೇಟ್ ಕೊಟ್ಟು ಓಟಿಪಿ ಕೇಳ್ತಿದ್ದ.'